ಫ್ರೀ ಏಜೆಂಟ್: ತಂಡಗಳೇ ಆಟಗಾರನ ಬಾಗಿಲಿಗೆ ಬರುವ ಕಾಲ

ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ, ಒಪ್ಪಂದದ ಅವಧಿ ಮುಗಿದು ಮುಂದೆ ಯಾವ ತಂಡಕ್ಕೆ ಆಡಬೇಕೆಂಬುದನ್ನು ತಾನೇ ನಿರ್ಧರಿಸುವ ಹಕ್ಕು ಪಡೆದ ಆಟಗಾರನನ್ನು ಫ್ರೀ ಏಜೆಂಟ್ ಎನ್ನುತ್ತಾರೆ. ಐಪಿಎಲ್ ಹರಾಜನ್ನು ನೋಡಿ ರೂಢಿಯಾದವರಿಗೆ ಇದು ತುಸು ವಿಚಿತ್ರವೆನಿಸಬಹುದು. ಹರಾಜಿನಲ್ಲಿ ಹೆಚ್ಚು ಬೆಲೆ ಕೂಗಿದ ತಂಡಕ್ಕೆ ಆಟಗಾರ ಸೇರುತ್ತಾನೆ. ಇಲ್ಲಿ ತಂಡಗಳು ತಮ್ಮ ತಮ್ಮ ಪ್ರಸ್ತಾಪ ಮುಂದಿಟ್ಟು ಅವನ ಉತ್ತರಕ್ಕಾಗಿ ಕಾಯುತ್ತವೆ. ನಿರ್ಬಂಧಿತ ಫ್ರೀ ಏಜೆಂಟ್ ಎಂಬ ಇನ್ನೊಂದು ಬಗೆಯೂ ಉಂಟು. ಸಾಮಾನ್ಯವಾಗಿ ಕಿರಿಯ ಆಟಗಾರರಿಗೆ ಅನ್ವಯಿಸುವ ಆ ನಿಯಮದಲ್ಲಿ, ಬೇರೆ ತಂಡ ಕೊಡಲೊಪ್ಪಿದ ಮೊತ್ತವನ್ನು ತಾನೂ ಕೊಡುವುದಾಗಿ ಹೇಳಿ ಹಳೆಯ ತಂಡ ಅವನನ್ನು ಉಳಿಸಿಕೊಳ್ಳಬಹುದು.

ಈ ಹಕ್ಕು ತಾನಾಗಿ ಒದಗಿದ್ದಲ್ಲ. ಒಪ್ಪಂದ ಮುಗಿದ ಮೇಲೂ ಆಟಗಾರನನ್ನು ತಂಡವೇ ಹಿಡಿದಿಟ್ಟುಕೊಳ್ಳುತ್ತಿದ್ದ ಪದ್ಧತಿಯ ವಿರುದ್ಧ ಆಟಗಾರರ ಸಂಘದ ಅಧ್ಯಕ್ಷರಾಗಿದ್ದ ಆಸ್ಕರ್ ರಾಬರ್ಟ್‌ಸನ್ 1970ರಲ್ಲಿ ಹೂಡಿದ ದಾವೆ 1976ರಲ್ಲಿ ರಾಜಿಯಲ್ಲಿ ಕೊನೆಗೊಂಡಿತು. ಹಾಗಿದ್ದರೂ ಯಾವ ಕಟ್ಟುಪಾಡೂ ಇಲ್ಲದೆ ತಂಡ ಬದಲಿಸಿದ ಮೊದಲ ಆಟಗಾರನನ್ನು ಕಾಣಲು 1988ರವರೆಗೆ ಕಾಯಬೇಕಾಯಿತು. ಆ ವರ್ಷ ಟಾಮ್ ಚೇಂಬರ್ಸ್ ಸಿಯಾಟಲ್ ಬಿಟ್ಟು ಫೀನಿಕ್ಸ್ ಸನ್ಸ್ ಸೇರಿದರು.

ಹೆಸರಾಂತ ಆಟಗಾರನಿಗಾಗಿ ನಡೆಯುವ ಪೈಪೋಟಿಯನ್ನು ಕೇವಲ ಹಣದ ಪೈಪೋಟಿಯೆಂದು ತಿಳಿದರೆ ಅದರ ಸ್ವಾರಸ್ಯವೇ ತಪ್ಪಿಹೋಗುತ್ತದೆ. ಪ್ರತಿ ತಂಡದ ಒಟ್ಟು ವೇತನಕ್ಕೆ ಸ್ಯಾಲರಿ ಕ್ಯಾಪ್ ಎಂಬ ಮಿತಿಯಿದೆ. ಒಬ್ಬ ಆಟಗಾರನಿಗೆ ಕೊಡಬಹುದಾದ ಗರಿಷ್ಠ ವೇತನಕ್ಕೂ, ಅವನು ಲೀಗಿನಲ್ಲಿ ಆಡಿದ ವರ್ಷಗಳನ್ನು ನೋಡಿ, ಆ ಮಿತಿಯ ಸುಮಾರು ಶೇ 25, 30 ಅಥವಾ 35ರ ಎಲ್ಲೆ ಹಾಕಲಾಗಿದೆ. ಹೀಗಾಗಿ ವೇತನದಲ್ಲಿ ಜಾಗವಿರುವ ನಾಲ್ಕಾರು ತಂಡಗಳು ಹೆಚ್ಚುಕಡಿಮೆ ಒಂದೇ ಮೊತ್ತವನ್ನು ಮುಂದಿಡುತ್ತವೆ. ಹಳೆಯ ತಂಡಕ್ಕೆ ಮಾತ್ರ ಒಂದು ಅನುಕೂಲವಿದೆ: ಬಾಸ್ಟನ್ ಸೆಲ್ಟಿಕ್ಸ್‌ನ ಹಿಂದಿನ ದಿಗ್ಗಜ ಲ್ಯಾರಿ ಬರ್ಡ್ ಅವರ ಹೆಸರಿನಿಂದ ಬರ್ಡ್ ಹಕ್ಕು ಎಂದು ಕರೆಯಲಾಗುವ ನಿಯಮದಡಿ ಅದು ಮಿತಿಯನ್ನು ಮೀರಿಯೂ ತನ್ನ ಆಟಗಾರನನ್ನು ಉಳಿಸಿಕೊಳ್ಳಬಹುದು, ಒಂದು ವರ್ಷ ಹೆಚ್ಚಿನ ಅವಧಿಯನ್ನೂ ಕೊಡಬಹುದು. ಉಳಿದ ತಂಡಗಳು, ಜೊತೆಗಾರರು ಯಾರು, ಕೋಚ್ ಎಂಥವರು, ಊರು ಹೇಗಿದೆ, ಟೆಕ್ಸಾಸ್ ಅಥವಾ ಫ್ಲಾರಿಡಾದಂತೆ ರಾಜ್ಯದ ಆದಾಯ ತೆರಿಗೆ ಇಲ್ಲದ ಜಾಗವೇ ಎಂಬುದನ್ನೆಲ್ಲ ಹೇಳಿ ಮನವೊಲಿಸಬೇಕು.

2016ರ ಬೇಸಿಗೆಯಲ್ಲಿ ಕೆವಿನ್ ಡುರಾಂಟ್ ಅವರಿಗಾಗಿ ನಡೆದ ಸ್ಪರ್ಧೆ ಇದಕ್ಕೆ ಒಳ್ಳೆಯ ನಿದರ್ಶನ. ಹೊಸ ಟಿವಿ ಒಪ್ಪಂದದ ಹಣ ಹರಿದುಬಂದು ಸ್ಯಾಲರಿ ಕ್ಯಾಪ್ ಒಂದೇ ವರ್ಷದಲ್ಲಿ 7 ಕೋಟಿ ಡಾಲರ್‌ನಿಂದ 9.4 ಕೋಟಿಗೆ ಜಿಗಿದಿತ್ತು. ಆ ಜಿಗಿತವಿಲ್ಲದಿದ್ದರೆ, ಹಿಂದಿನ ಋತುವಿನಲ್ಲಿ 73 ಪಂದ್ಯ ಗೆದ್ದಿದ್ದ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಬಳಿ ಇನ್ನೊಬ್ಬ ದಿಗ್ಗಜನಿಗೆ ಜಾಗವಾಗುವುದು ಕಷ್ಟವಿತ್ತು. ಡುರಾಂಟ್ ತಂಗಿದ್ದ, ನ್ಯೂಯಾರ್ಕ್ ಬಳಿಯ ಹ್ಯಾಂಪ್ಟನ್ಸ್‌ಗೆ ತಂಡಗಳು ಒಂದಾದ ಮೇಲೊಂದರಂತೆ ಬಂದವು. ಬಾಸ್ಟನ್ ಸೆಲ್ಟಿಕ್ಸ್ ಅಮೆರಿಕನ್ ಫುಟ್‌ಬಾಲ್‌ನ ಟಾಮ್ ಬ್ರೇಡಿ ಅವರನ್ನೇ ಕರೆತಂದರೆ, ವಾರಿಯರ್ಸ್ ಪರವಾಗಿ ಸ್ಟೆಫ್ ಕರಿ ಮತ್ತವರ ಜೊತೆಗಾರರು ಬಂದರು. ಹೆಚ್ಚು ಹಣ ಕೊಡಬಲ್ಲ ತಮ್ಮ ಹಳೆಯ ತಂಡ ಓಕ್ಲಹೋಮ ಸಿಟಿಯನ್ನು ಬಿಟ್ಟು, ಕೆಲವೇ ವಾರಗಳ ಹಿಂದೆ ತಮ್ಮನ್ನು ಸೋಲಿಸಿದ್ದ ವಾರಿಯರ್ಸ್ ತಂಡವನ್ನೇ ಡುರಾಂಟ್ ಆರಿಸಿಕೊಂಡರು. ಅಭಿಮಾನಿಗಳ ಸಿಟ್ಟು ಅರ್ಥವಾಗುವಂಥದ್ದೇ. ಆದರೆ ರಾಬರ್ಟ್‌ಸನ್ ದಾವೆ ಹೂಡಿದ್ದು ಇಂಥ ಆಯ್ಕೆ ಆಟಗಾರನ ಕೈಯಲ್ಲಿರಲಿ ಎಂದೇ ಅಲ್ಲವೇ?

ಮಾತು ಕೊಟ್ಟ ಮಾತ್ರಕ್ಕೆ ಒಪ್ಪಂದ ಆಗಿಬಿಡುವುದಿಲ್ಲ. ಜುಲೈ ಆರಂಭದ ಕೆಲವು ದಿನ ಮಾತುಕತೆಗೆ ಅವಕಾಶವಿದ್ದರೂ ಬಹುತೇಕ ಒಪ್ಪಂದಗಳಿಗೆ ಸಹಿ ಹಾಕುವಂತಿಲ್ಲ. 2015ರಲ್ಲಿ ಡಲ್ಲಾಸ್‌ಗೆ ಒಪ್ಪಿಗೆ ಕೊಟ್ಟಿದ್ದ ಡಿಆಂಡ್ರೆ ಜೋರ್ಡನ್ ಆ ನಡುವೆಯೇ ಮನಸ್ಸು ಬದಲಿಸಿದರು. ಲಾಸ್ ಏಂಜಲಿಸ್ ಕ್ಲಿಪ್ಪರ್ಸ್‌ನ ಸಹಆಟಗಾರರು ಹ್ಯೂಸ್ಟನ್‌ನ ಅವರ ಮನೆಗೆ ಹೋಗಿ ಕುಳಿತು, ಗಡುವು ಮುಗಿದ ಮಧ್ಯರಾತ್ರಿ ಹಳೆಯ ತಂಡಕ್ಕೇ ಸಹಿ ಮಾಡಿಸಿದರು.

ಆಟಗಾರನ ಬಲ ಎಷ್ಟೆಂಬುದು ಇನ್ನೂ ಸ್ಪಷ್ಟವಾಗಿ ಕಂಡದ್ದು 2019ರಲ್ಲಿ. ಕವಾಯ್ ಲೆನಾರ್ಡ್ ಅವರಿಗಾಗಿ ಟೊರೊಂಟೊ ಮತ್ತು ಲಾಸ್ ಏಂಜಲಿಸ್‌ನ ಎರಡೂ ತಂಡಗಳು ಪೈಪೋಟಿ ನಡೆಸಿದ್ದವು. ಜೊತೆಗೆ ಪಾಲ್ ಜಾರ್ಜ್ ಇರಬೇಕೆಂಬುದು ಲೆನಾರ್ಡ್ ಅವರ ಬಯಕೆಯಾಗಿದ್ದುದರಿಂದ, ಕ್ಲಿಪ್ಪರ್ಸ್ ತಂಡವು ಓಕ್ಲಹೋಮ ಸಿಟಿಗೆ ಮೊದಲ ಸುತ್ತಿನ ಐದು ಡ್ರಾಫ್ಟ್ ಆಯ್ಕೆಗಳ (ಲೀಗಿಗೆ ಬರುವ ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಹಕ್ಕುಗಳ) ಜೊತೆಗೆ ಶೇ ಗಿಲ್ಜಸ್-ಅಲೆಕ್ಸಾಂಡರ್ ಎಂಬ ಯುವಕನನ್ನೂ ಬಿಟ್ಟುಕೊಟ್ಟು ಜಾರ್ಜ್ ಅವರನ್ನು ತಂದಿತು. ಆ ಯುವಕ 2025ರಲ್ಲಿ ಓಕ್ಲಹೋಮ ಸಿಟಿಯನ್ನು ಚಾಂಪಿಯನ್ ಪಟ್ಟಕ್ಕೇರಿಸಿದರು; ಅಲ್ಲಿಯವರೆಗೆ ಕ್ಲಿಪ್ಪರ್ಸ್ ಒಮ್ಮೆಯೂ ಫೈನಲ್ ತಲುಪಿರಲಿಲ್ಲ.