ಸರ್ಕಾರ ಸಹಿ ಹಾಕಿದ ಮಾತ್ರಕ್ಕೆ ಪಕ್ಕದ ತೋಟದವರು ಜೈಲಿಗೆ ಹೋಗಲ್ಲ

ಮಡಿಕೇರಿಯ ನಮ್ಮ ಆಫೀಸಿಗೆ ಬರುವ ಕಕ್ಷಿದಾರರಿಗೆ ಈಚೆಗೆ ಹೊಸ ಚಾಳಿ. ಫೋನ್ ಮುಂದೆ ಹಿಡಿದು, 'ಭಾರತ ಈ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಿದೆ ಸಾರ್, ಕ್ರಿಮಿನಲ್ ಕೇಸ್ ಹಾಕಿ' ಅನ್ನುತ್ತಾರೆ. ಸಿದ್ದಾಪುರ ಕಡೆಯ ಬೆಳೆಗಾರರೊಬ್ಬರು ಒಣಗಿದ ಮೆಣಸಿನ ಬಳ್ಳಿಯನ್ನೇ ಪ್ಲಾಸ್ಟಿಕ್ ಕವರಿನಲ್ಲಿ ತಂದಿದ್ದರು. ಪಕ್ಕದ ತೋಟದಲ್ಲಿ ಹೊಡೆದ ಕಳೆನಾಶಕ ಗಾಳಿಗೆ ಬಂದಿತ್ತಂತೆ. ಅವರಿಗೆ ಬೇಕಿದ್ದದ್ದು ರಾಸಾಯನಿಕ ಅಸ್ತ್ರಗಳ ಕೇಸು! ನಗು ಬಂತು. ಬಳ್ಳಿ ನೋಡಿ ಸಂಕಟವೂ ಆಯ್ತು.

ಒಪ್ಪಂದ ಅನ್ನೋದು ಸರ್ಕಾರ ಸರ್ಕಾರಗಳ ನಡುವಿನ ಮಾತು. ಅದೊಂದರಿಂದಲೇ ಯಾರೂ ಅಪರಾಧಿ ಆಗಲ್ಲ. ಯಾವುದು ಅಪರಾಧ, ಶಿಕ್ಷೆ ಎಷ್ಟು ಅಂತ ಸಂಸತ್ತು ಕಾನೂನು ಮಾಡಬೇಕು. ಕೃತ್ಯ ನಡೆದ ದಿನ ಆ ಕಾನೂನು ಜಾರಿಯಲ್ಲಿರಬೇಕು. ಸಂವಿಧಾನದ 20(1)ನೇ ವಿಧಿ ಹೇಳುವುದು ಇದನ್ನೇ. ಮತ್ತೆ ಹೇಳ್ತೀನಿ, ಸಹಿ ಬೇರೆ, ಕಾನೂನು ಬೇರೆ. ಒಪ್ಪಂದ ತಾನಾಗಿಯೇ ನಮ್ಮ ಕೋರ್ಟಿನಲ್ಲಿ ಜಾರಿಯಾಗಲ್ಲ ಎಂದು 1980ರಲ್ಲೇ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

'ಮತ್ತೆ 253ನೇ ವಿಧಿ?' ಅಂತ ಓದಿಕೊಂಡು ಬಂದವರು ಕೇಳುತ್ತಾರೆ. ಹೌದು, ಒಪ್ಪಂದ ಜಾರಿಗೆ ತರಲು ರಾಜ್ಯಪಟ್ಟಿಯ, ಅಂದರೆ ರಾಜ್ಯಗಳಿಗೇ ಬಿಟ್ಟ ವಿಷಯದಲ್ಲೂ ಸಂಸತ್ತು ಕಾನೂನು ಮಾಡಬಹುದು. ಆದರೆ ಆ ವಿಧಿ ಕೀಳುವುದು ಕೇಂದ್ರ ಮತ್ತು ರಾಜ್ಯದ ನಡುವಿನ ಬೇಲಿಯನ್ನು ಮಾತ್ರ. ಮೂಲಭೂತ ಹಕ್ಕುಗಳನ್ನು ಅದು ಮುಟ್ಟಲ್ಲ.

ಅಮೆರಿಕದಲ್ಲಿ ಆ ಬೇಲಿಯದೇ ಜಗಳ. 1920ರಲ್ಲಿ ವಲಸೆ ಹಕ್ಕಿಗಳ ಒಪ್ಪಂದದ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೇಂದ್ರದ ಪರ ನಿಂತಿತ್ತು. 2014ರ ಬಾಂಡ್ ಪ್ರಕರಣ ಮಾತ್ರ ಮಜವಾಗಿದೆ. ತನ್ನ ಗಂಡನ ಜೊತೆ ಸಂಬಂಧ ಇಟ್ಟುಕೊಂಡ ಗೆಳತಿಯ ಬಾಗಿಲ ಹಿಡಿ, ಕಾರು, ಟಪಾಲು ಡಬ್ಬಿಗೆ ಬಾಂಡ್ ಎಂಬಾಕೆ ರಾಸಾಯನಿಕ ಹಚ್ಚಿದಳು. ಗೆಳತಿಯ ಹೆಬ್ಬೆರಳು ಸ್ವಲ್ಪ ಸುಟ್ಟಿತು, ನೀರಲ್ಲಿ ತೊಳೆದುಕೊಂಡಳು. ಅಷ್ಟಕ್ಕೇ ರಾಸಾಯನಿಕ ಅಸ್ತ್ರಗಳ ಒಪ್ಪಂದಕ್ಕಾಗಿ ಮಾಡಿದ ಕಾಯ್ದೆಯಡಿ ಕೇಸು! ಇಂಥ ಊರಮಟ್ಟದ ಅಪರಾಧಕ್ಕೆ ಆ ಕಾಯ್ದೆ ಅಲ್ಲ ಎಂದಿತು ಕೋರ್ಟ್. ಕೇಂದ್ರಕ್ಕೆ ಅಧಿಕಾರ ಎಷ್ಟು ಅನ್ನುವ ದೊಡ್ಡ ಪ್ರಶ್ನೆಯನ್ನು ಬಹುಮತದ ತೀರ್ಪು ಮುಟ್ಟಲೇ ಇಲ್ಲ. ಜಾಣತನ ಅಲ್ವಾ?

ಅಲ್ಲಿನ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟಿಹಾಕಲ್ಲ. ಆದರೆ ನಮ್ಮ 2000ದ ರಾಸಾಯನಿಕ ಅಸ್ತ್ರಗಳ ಕಾಯ್ದೆಗೆ ಮೂಲವಾದದ್ದೂ ಅದೇ ಒಪ್ಪಂದ. ಕೃಷಿಗೆ ಬಳಸುವ ರಾಸಾಯನಿಕವನ್ನು ಅದು ಅಸ್ತ್ರ ಅಂತ ಎಣಿಸಲ್ಲ.

ಬಳ್ಳಿ ಹಾಳಾಗಿದ್ದರೆ ಪರಿಹಾರಕ್ಕೆ ಸಿವಿಲ್ ದಾವೆ ಹಾಕಬಹುದು. ಬೇಕಂತಲೇ ಮಾಡಿದ್ದಕ್ಕೆ ಸಾಕ್ಷಿ ಇದ್ದರೆ ಪೊಲೀಸ್ ದೂರನ್ನೂ ಯೋಚಿಸಬಹುದು, ಪ್ರತಿ ಪ್ರಕರಣವೂ ಬೇರೆ. ಯಾವ ದಿನ ಹೊಡೆದರು, ಯಾವ ಔಷಧಿ, ಗಾಳಿ ಯಾವ ಕಡೆಗಿತ್ತು ಅಂತ ಅವತ್ತೇ ಬರೆದಿಡಿ, ಫೋಟೋ ತೆಗೆಯಿರಿ. ಮಳೆಗಾಲ ಕಳೆದ ಮೇಲೆ ಬಂದರೆ ನಾನೇನು ಮಾಡಲಿ?