ಶಿರಾಕ್ ಎದ್ದು ಹೋದದ್ದು ಇಂಗ್ಲಿಷ್ ಬಾರದೆ ಅಲ್ಲ

ಬೆಂಗಳೂರಿನಲ್ಲಿ ಫ್ರೆಂಚ್ ಕಲಿಸುತ್ತೇನೆ, ಮೀಟಿಂಗ್‌ಗಳಲ್ಲಿ ದುಭಾಷಿಯಾಗಿಯೂ ಕೂರುತ್ತೇನೆ. ಒಂದು ಮಾತು ಕೇಳಿ ಕೇಳಿ ಸಾಕಾಗಿದೆ. "ಮೇಡಂ, ಫ್ರೆಂಚರಿಗೆಲ್ಲ ಇಂಗ್ಲಿಷ್ ಬರುತ್ತೆ, ಜಂಭಕ್ಕೆ ಮಾತಾಡಲ್ಲ." ಫ್ರಾನ್ಸಿನ ತುಲೂಸ್‌ಗೆ ಹೋಗಿ ಬಂದ ಎಂಜಿನಿಯರ್ ಒಬ್ಬರೂ ಇದನ್ನೇ ಹೇಳಿದರು. ಮೀಟಿಂಗ್‌ನಲ್ಲಿ ಫ್ರೆಂಚ್ ಬಿಟ್ಟು ಕದಲದ ಅಧಿಕಾರಿ, ಊಟಕ್ಕೆ ಪಕ್ಕದಲ್ಲೇ ಕೂತು ಇಂಗ್ಲಿಷಿನಲ್ಲಿ ಮಕ್ಕಳ ಓದು ವಿಚಾರಿಸಿದರಂತೆ. ಇವರಿಗೆ ಮೋಸ ಹೋದ ಹಾಗೆ ಬೇಜಾರು.

ಅದು ಮೋಸ ಅಲ್ಲ. ಯಾವ ಭಾಷೆ ಬರುತ್ತೆ ಅನ್ನೋದು ಒಂದು ವಿಷಯ, ಯಾವ ಕುರ್ಚಿಯಲ್ಲಿ ಕೂತು ಯಾವ ಭಾಷೆ ಆಡಬೇಕು ಅನ್ನೋದು ಇನ್ನೊಂದು. ಫ್ರೆಂಚರು ಇವೆರಡನ್ನು ಬೇರೆಬೇರೆ ಇಡುತ್ತಾರೆ.

ಫ್ರಾನ್ಸಿನ ಅಧ್ಯಕ್ಷರಾಗಿದ್ದ ಜಾಕ್ ಶಿರಾಕ್ ಅವರನ್ನೇ ನೋಡಿ. 2006ರ ಮಾರ್ಚ್‌ನಲ್ಲಿ ಬ್ರಸೆಲ್ಸ್‌ನ ಯುರೋಪಿಯನ್ ಶೃಂಗಸಭೆ. ಉದ್ಯಮಿಗಳ ಒಕ್ಕೂಟದ ಅಧ್ಯಕ್ಷ ಸೆಯೆರ್ ಸ್ವತಃ ಫ್ರೆಂಚರು. ವ್ಯಾಪಾರದ ಭಾಷೆ ಇದೇ ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದರು. ಶಿರಾಕ್ ಮಂತ್ರಿಗಳ ಜೊತೆ ಎದ್ದು ಹೊರಗೆ ನಡೆದರು. ಇಂಗ್ಲಿಷ್ ಬಾರದವರಾ? ಹುಡುಗರಾಗಿದ್ದಾಗ ಬೇಸಿಗೆ ತರಗತಿಗೆಂದು ಹಾರ್ವರ್ಡ್‌ಗೆ ಹೋಗಿ, ಅಲ್ಲಿನ ಹೋಟೆಲೊಂದರಲ್ಲಿ ದುಡಿದವರು. 1996ರಲ್ಲಿ ಜೆರುಸಲೇಮಿನ ಗಲ್ಲಿಯಲ್ಲಿ ಇಸ್ರೇಲಿ ಕಾವಲಿನವರು ತಳ್ಳಾಡಿದಾಗ ಇಂಗ್ಲಿಷಿನಲ್ಲೇ ಗದರಿದರು. ಬ್ರಸೆಲ್ಸ್‌ನಲ್ಲಿ ಅವರಿಗೆ ನೋವಾದದ್ದು, ಫ್ರೆಂಚಿಗೂ ಅಧಿಕೃತ ಜಾಗವಿರುವ ಸಭೆಯಲ್ಲಿ ಫ್ರೆಂಚರೇ ಅದನ್ನು ಬಿಟ್ಟುಕೊಟ್ಟರಲ್ಲ ಎಂದು. ಗಣರಾಜ್ಯದ ಭಾಷೆ ಫ್ರೆಂಚ್ ಎಂಬ ಸಾಲು 1992ರಿಂದ ಸಂವಿಧಾನದಲ್ಲೇ ಇದೆ. ಸರ್ಕಾರಿ ಕಾಗದಪತ್ರ, ಜಾಹೀರಾತುಗಳಲ್ಲಿ ಫ್ರೆಂಚ್ ಇರಲೇಬೇಕು ಎನ್ನುವ 1994ರ ತೂಬೋಂ ಕಾನೂನು ಬೇರೆ.

ಹಾಗಂತ ಎಲ್ಲವೂ ನಿಷ್ಠೆ ಎನ್ನಲಾರೆ. ಕೆಲವರಿಗೆ ನಿಜಕ್ಕೂ ಭಯ. ಶಿರಾಕ್ ನಂತರ ಅಧ್ಯಕ್ಷರಾದ ಸಾರ್ಕೋಜಿ, ಹಿಲರಿ ಕ್ಲಿಂಟನ್ ಅವರನ್ನು ಮಳೆಯಲ್ಲಿ ಬರಮಾಡಿಕೊಳ್ಳುತ್ತಾ "ಸಾರಿ ಫಾರ್ ದ ಟೈಮ್" ಎಂದುಬಿಟ್ಟರು. ಫ್ರೆಂಚಿನ 'ತಾಂ' ಎಂದರೆ ಸಮಯವೂ ಹೌದು, ಹವಾಮಾನವೂ ಹೌದು. ನಮ್ಮ 'ಕಾಲ' ಇಲ್ವಾ, ಹೋದ ಕಾಲಕ್ಕೂ ಅದೇ, ಮಳೆಗಾಲಕ್ಕೂ ಅದೇ. ಅವರ ನಂತರದ ಅಧ್ಯಕ್ಷ ಒಲಾಂದ್ 2012ರಲ್ಲಿ ಒಬಾಮಾಗೆ ಬರೆದ ಅಭಿನಂದನೆಯ ಕೆಳಗೆ "ಫ್ರೆಂಡ್ಲಿ" ಎಂದು ಸಹಿ ಹಾಕಿದರು. ಫ್ರೆಂಚಿನಲ್ಲಿ ಪತ್ರ ಮುಗಿಸುವ 'ಅಮಿಕಾಲ್‌ಮಾಂ' ಅದು, ಪದ ಹಾಗೇ ದಾಟಿ ಬಂದಿದೆ. ಇಂಥದ್ದನ್ನು ಜಗತ್ತು ಆಡಿಕೊಂಡು ನಕ್ಕರೆ ಮುಂದಿನವರು ಬಾಯಿ ಬಿಡುತ್ತಾರಾ? ನನ್ನ ವಿದ್ಯಾರ್ಥಿಗಳು ಫ್ರೆಂಚಿನಲ್ಲಿ ತೊದಲುವಾಗಲೂ ಇದೇ ಭಯ, ಅವರ ಮೇಲೆ ನನಗೆ ಅಕ್ಕರೆಯೇ ಜಾಸ್ತಿ.

ಒಲಾಂದ್ ನಂತರ ಅಧ್ಯಕ್ಷರಾದ ಮಾಕ್ರೋಂ ಈ ರೂಢಿ ಮುರಿದರು. 2017ರಲ್ಲಿ ಟ್ರಂಪ್ ಹವಾಮಾನದ ಪ್ಯಾರಿಸ್ ಒಪ್ಪಂದ ಬಿಡುತ್ತೇವೆ ಎಂದ ದಿನ, ತಮ್ಮ ಅರಮನೆಯಿಂದಲೇ ಇಂಗ್ಲಿಷಿನಲ್ಲಿ ಜಗತ್ತಿಗೆ ಮಾತನಾಡಿದರು. ಅದಕ್ಕೂ ಮುಂಚೆ ಬರ್ಲಿನ್ನಿನಲ್ಲಿ ಇಂಗ್ಲಿಷ್ ಭಾಷಣ ಮಾಡಿದ್ದಕ್ಕೆ ಚುನಾವಣೆಯ ಎದುರಾಳಿ ಮರೀನ್ ಲ ಪೆನ್ ಅವರಿಂದ ಬೈಸಿಕೊಂಡಿದ್ದರು. 2018ರಲ್ಲಿ ಸಿಡ್ನಿಯಲ್ಲಿ ಆಸ್ಟ್ರೇಲಿಯಾ ಪ್ರಧಾನಿಯ ಪತ್ನಿಯನ್ನು "ಡಿಲೀಶಸ್" ಎಂದು ಕರೆದು ಎಡವಿದರು. ಫ್ರೆಂಚಿನಲ್ಲಿ ಅದು ಸೊಗಸಾದ ವ್ಯಕ್ತಿತ್ವದವರಿಗೆ ಹೇಳುವ ಮಾತು. ಅವರು ಮಾತ್ರ ಇಂಗ್ಲಿಷ್ ನಿಲ್ಲಿಸಲಿಲ್ಲ. ದಾವೋಸ್‌ನ ಜಾಗತಿಕ ಆರ್ಥಿಕ ಸಭೆಯಲ್ಲಿ ಅದೇ ವರ್ಷ ಇಂಗ್ಲಿಷಿನಲ್ಲಿ ಶುರು ಮಾಡಿ, ನಡುವೆ ಫ್ರೆಂಚಿಗೆ ಹೊರಳಿದ್ದನ್ನು ಗಮನಿಸಿ. ಕೇಳುವವರು ದಾವೋಸ್‌ನಲ್ಲೂ ಇದ್ದರು, ತಮ್ಮೂರು ಫ್ರಾನ್ಸ್‌ನಲ್ಲೂ ಇದ್ದರು.

ಆ ಎಂಜಿನಿಯರ್ ಮುಂದಿನ ತಿಂಗಳು ಮತ್ತೆ ಹೊರಟಿದ್ದಾರೆ. ಮೀಟಿಂಗ್‌ನ ಮೊದಲ ಎರಡು ನಿಮಿಷಕ್ಕೆ ಫ್ರೆಂಚ್ ಸಾಲುಗಳನ್ನು ಬಾಯಿಪಾಠ ಮಾಡಿಸುತ್ತಿದ್ದೇನೆ. ಊಟದ ಹೊತ್ತಿಗೆ ಏನೂ ಬೇಕಾಗಿಲ್ಲ.