ಕಾಫಿ ‘ಟೇಸ್ಟ್ಸ್ ಗುಡ್’ ಸರಿಯೋ, ‘ಟೇಸ್ಟ್ಸ್ ವೆಲ್’ ಸರಿಯೋ?

ಪ್ರಶ್ನೆ: ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ‘ದ ಕಾಫಿ ಟೇಸ್ಟ್ಸ್ ಗುಡ್’ ಎಂದು ಹಾಕಿದೆ. ಸಹೋದ್ಯೋಗಿಯೊಬ್ಬರು ‘ಕ್ರಿಯಾಪದದ ಜೊತೆ ಆಡ್ವರ್ಬ್ ಬರಬೇಕು, ವೆಲ್ ಅನ್ನಿ’ ಎಂದು ತಿದ್ದಿದರು. ಯಾವುದು ಸರಿ?
– ಓದುಗರು, ಬಸವನಗುಡಿ, ಬೆಂಗಳೂರು

ಉತ್ತರ: ನೀವು ಬರೆದದ್ದೇ ಸರಿ. ತಿದ್ದಿದವರಿಗೆ ನಿಯಮ ನೆನಪಿದೆ, ಅದನ್ನು ಹಚ್ಚಿದ ಜಾಗ ಮಾತ್ರ ತಪ್ಪು.

ಆಡ್ಜೆಕ್ಟಿವ್ ಎಂದರೆ ನಮ್ಮ ಗುಣವಾಚಕ, ನಾಮಪದದ ಗುಣ ಹೇಳುತ್ತದೆ. ಆಡ್ವರ್ಬ್ ಕೆಲಸ ನಡೆದ ರೀತಿ ಹೇಳುತ್ತದೆ. ‘ಶಿ ಸಿಂಗ್ಸ್ ವೆಲ್’ ಎಂದಾಗ ಅವಳು ಹಾಡುವ ಬಗೆಯ ಮಾತು. ಆದರೆ ಕಾಫಿ ಇಲ್ಲಿ ಏನನ್ನೂ ಮಾಡುತ್ತಿಲ್ಲ. ‘ಟೇಸ್ಟ್ಸ್ ವೆಲ್’ ಎಂದರೆ ಕಾಫಿಗೇ ನಾಲಿಗೆ ಬಂದು, ರುಚಿ ನೋಡುವುದರಲ್ಲಿ ಅದು ಪಳಗಿದೆ ಎಂದಂತಾಯಿತು!

ಟೇಸ್ಟ್, ಸ್ಮೆಲ್, ಲುಕ್, ಸೌಂಡ್, ಫೀಲ್, ಸೀಮ್ ಇವು ಕರ್ತೃವನ್ನೂ ಅದರ ಗುಣವನ್ನೂ ಜೋಡಿಸುವ ಲಿಂಕಿಂಗ್ ವರ್ಬ್‌ಗಳು. ಅನುಮಾನ ಬಂದರೆ ಆ ಜಾಗದಲ್ಲಿ ‘ಈಸ್’ ಇಟ್ಟು ನೋಡಿ. ‘ದ ಕಾಫಿ ಈಸ್ ಗುಡ್’, ವಾಕ್ಯ ನಿಂತಿತು, ಹಾಗಾಗಿ ಆಡ್ಜೆಕ್ಟಿವ್. ಒಂದೇ ಕ್ರಿಯಾಪದ ಎರಡು ವೇಷ ಹಾಕುವುದೂ ಉಂಟು: ‘ಹಿ ಲುಕ್ಡ್ ಆಂಗ್ರಿ’ ಎಂದರೆ ಮುಖದಲ್ಲಿ ಸಿಟ್ಟಿತ್ತು, ‘ಹಿ ಲುಕ್ಡ್ ಆಂಗ್ರಿಲಿ ಅಟ್ ದ ಕಂಡಕ್ಟರ್’ ಎಂದರೆ ಕಂಡಕ್ಟರನ್ನು ಗುರಾಯಿಸಿದ. ಆರೋಗ್ಯದ ವಿಷಯದಲ್ಲಾದರೆ ‘ವೆಲ್’ ಕೂಡ ಆಡ್ಜೆಕ್ಟಿವ್. ‘ಐ ಆಮ್ ನಾಟ್ ವೆಲ್’ ಎಂದು ರಜೆ ಕೇಳುವವರು ನಿಶ್ಚಿಂತೆಯಿಂದ ಕೇಳಬಹುದು.

ಕನ್ನಡಿಗರು ಎಡವುವುದಕ್ಕೆ ಬೇರೆ ಕಾರಣವೂ ಇದೆ ಎಂದು ನನಗನ್ನಿಸುತ್ತದೆ. ‘ಆಗಿ’ ಬಂದರೆ ‘ಲಿ’ ಹಚ್ಚು ಎಂಬ ಸುಲಭ ಸೂತ್ರವನ್ನು ಕೆಲವರು ಹೇಳಿಕೊಡುತ್ತಾರೆ. ಜೋರು ಮಳೆ ‘ಹೆವಿ ರೇನ್’, ಜೋರಾಗಿ ಸುರಿಯಿತು ‘ಇಟ್ ರೇನ್ಡ್ ಹೆವಿಲಿ’. ಇಲ್ಲಿಯವರೆಗೆ ಸರಿಯೇ. ಆದರೆ ನಾವು ‘ಚೆನ್ನಾಗಿ ಹಾಡ್ತಾಳೆ’ ಅನ್ನುತ್ತೇವೆ, ‘ಕಾಫಿ ಚೆನ್ನಾಗಿದೆ’ ಎಂದೂ ಅನ್ನುತ್ತೇವೆ. ಎರಡರಲ್ಲೂ ‘ಚೆನ್ನಾಗಿ’ ಕೂತಿದೆ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ವೆಲ್, ಎರಡನೆಯದಕ್ಕೆ ಗುಡ್. ‘ಇದೆ’ ಸೇರಿದ ಕಡೆಯೆಲ್ಲ ಈ ಸೂತ್ರ ಕೈಕೊಡುತ್ತದೆ.

ಇನ್ನು ‘ಲಿ’ಯನ್ನೇ ಪೂರ್ತಿ ನಂಬುವಂತಿಲ್ಲ. ಫ್ರೆಂಡ್ಲಿ, ಲವ್ಲಿ ಆಡ್ಜೆಕ್ಟಿವ್‌ಗಳು. ಫಾಸ್ಟ್, ಹಾರ್ಡ್‌ಗಳು ಆಡ್ವರ್ಬ್ ಆದಾಗಲೂ ರೂಪ ಬದಲಿಸುವುದಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಇಂಥ ಪದಗಳ ಕೊನೆಗೆ ‘ಎ’ ಸ್ವರ ಸೇರಿಸಿ ಆಡ್ವರ್ಬ್ ಮಾಡುತ್ತಿದ್ದರು. ಕಾಲಕ್ರಮದಲ್ಲಿ ಆ ಸ್ವರ ಬಿದ್ದುಹೋಗಿ ಎರಡೂ ಒಂದೇ ರೂಪಕ್ಕೆ ಬಂದವು. ‘ಹಾರ್ಡ್ಲಿ’ ಎಂಬ ಪದವೂ ಇದೆ, ಆದರೆ ಅದರ ಅರ್ಥವೇ ಬೇರೆ. ಅಪ್ರೈಸಲ್ ಫಾರ್ಮಿನಲ್ಲಿ ‘ಐ ಹಾರ್ಡ್ಲಿ ವರ್ಕ್ಡ್’ ಎಂದು ಬರೆದರೆ ಕೆಲಸ ಮಾಡಿದ್ದೇ ಅಪರೂಪ ಎಂದು ನೀವೇ ಸಹಿ ಹಾಕಿಕೊಟ್ಟಂತೆ. ‘ಲೇಟ್ಲಿ’ಯೂ ಅಷ್ಟೇ, ಅದಕ್ಕೆ ಇತ್ತೀಚೆಗೆ ಎಂಬರ್ಥ. ತಡವಾಗಿ ಬಂದ ಬಸ್ಸು ‘ಕೇಮ್ ಲೇಟ್’.

ರಸ್ತೆ ಫಲಕದ ‘ಗೋ ಸ್ಲೋ’ ತಪ್ಪಲ್ಲವೇ ಎಂದು ಮುಂದಿನ ಪತ್ರ ಬರುವ ಮೊದಲೇ ಹೇಳಿಬಿಡುತ್ತೇನೆ: ತಪ್ಪಲ್ಲ, ‘ಸ್ಲೋ’ ಆಡ್ವರ್ಬ್ ಆಗಿಯೂ ಬಳಕೆಯಲ್ಲಿದೆ. ಆಫೀಸಿನ ವರದಿಯಲ್ಲಾದರೆ ‘ಟ್ರಾಫಿಕ್ ಮೂವ್ಡ್ ಸ್ಲೋಲಿ’ ಎಂದೇ ಬರೆಯಿರಿ. ಕ್ರಿಯಾಪದಕ್ಕಿಂತ ಮೊದಲು ಬರುವಾಗಲಂತೂ ಬೇರೆ ದಾರಿಯಿಲ್ಲ: ‘ಹಿ ಸ್ಲೋಲಿ ಓಪನ್ಡ್ ದ ಗೇಟ್’.